ಅರ್ಧ ಅಕ್ಕಿಯ ರೊಟ್ಟಿ

ನಮ್ಮ ಮಾವ ತೀರಿಕೊಂಡು ಎಂಟು ತಿಂಗಳಾಯಿತು. ತಮ್ಮ ಬಾಯಿಯ ರುಚಿ ತಮಗಿಂತ ಮೊದಲೇ ಸತ್ತಿತು ಎಂದು ನಂಬಿಕೊಂಡೇ ಅವರು ಹೋದರು. ಅವರ ಬಾಯಿಗೆ ಏನೂ ಆಗಿರಲಿಲ್ಲ. ಕೆಟ್ಟದ್ದು ನಾನು ಬೀಸಿಸಿ ತರುತ್ತಿದ್ದ ಹಿಟ್ಟು. ಅದು ನನಗೆ ಗೊತ್ತಿತ್ತು, ಹೇಳಲಿಲ್ಲ.

ನಾನು ಹತ್ತನೇ ತರಗತಿಯವರೆಗೆ ಓದಿದವಳು. ಸಾಮಾನಿನ ಚೀಟಿ ಬಿಟ್ಟರೆ ಇಷ್ಟು ವರ್ಷ ಬೇರೇನೂ ಬರೆದಿಲ್ಲ. ಆದರೂ ಇದನ್ನು ಬರೆದಿಡಬೇಕು ಅನ್ನಿಸಿತು. ಓಣಿಯ ಹೆಂಗಸರು ಈಗಲೂ ನನ್ನನ್ನು ಹೊಗಳುತ್ತಾರೆ, ಮಾವನನ್ನು ಕೊನೆಯತನಕ ಚೆನ್ನಾಗಿ ನೋಡಿಕೊಂಡ ಸೊಸೆ ಎಂದು. ಆ ಮಾತು ಕೇಳಿದಾಗಲೆಲ್ಲ ನಾನು ಸೆರಗು ಸರಿಮಾಡಿಕೊಳ್ಳುತ್ತ ಒಳಗೆ ಹೋಗಿಬಿಡುತ್ತೇನೆ.

ನಾವಿರುವುದು ಶಹಾಪುರದಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ನಮ್ಮ ಮನೆಯವರು ಹತ್ತಿ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ. ಹತ್ತಿ ಬರುವ ತಿಂಗಳುಗಳಲ್ಲಿ ಕೈತುಂಬ ಕೆಲಸ, ಹತ್ತಿ ಮುಗಿದ ಮೇಲೆ ವಾರಕ್ಕೆ ಮೂರು ದಿನ ಸಿಕ್ಕರೆ ಹೆಚ್ಚು. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಾರೆ. ಅತ್ತೆ ತೀರಿಕೊಂಡ ಮೇಲೆ ಮಾವ ಯಾದಗಿರಿಯ ಮನೆ ಬಿಟ್ಟು ನಮ್ಮ ಜೊತೆ ಇರಲು ಬಂದರು. ಒಂದು ಕೈಚೀಲ, ಒಂದು ಕಂಬಳಿ, ಅತ್ತೆಯ ತಾಮ್ರದ ಚೊಂಬು, ಅವರು ತಂದದ್ದು ಇಷ್ಟೇ.

ಅವರು ಯಾದಗಿರಿಯ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ನಲವತ್ತು ವರ್ಷ ಹಮಾಲಿ ಮಾಡಿದವರು. ಚೀಲ ಹೊತ್ತು ಹೊತ್ತು ಬಲಗಡೆಯ ಭುಜ ಒಂದಿಷ್ಟು ಇಳಿದಿತ್ತು. ಅಕ್ಷರ ಗೊತ್ತಿರಲಿಲ್ಲ. ಆದರೆ ಜೋಳದ ವಿಷಯದಲ್ಲಿ ಅವರ ಮಾತಿಗೆ ಗಂಜಿನಲ್ಲಿ ಬೆಲೆಯಿತ್ತು. ಅಡತಿ ಅಂಗಡಿಯವರು, ಅಂದರೆ ಕಾಳಿನ ದಲ್ಲಾಳಿಗಳು, ಜೋಳ ಕೊಳ್ಳುವ ಮೊದಲು ಇವರನ್ನು ಕರೆಯುತ್ತಿದ್ದರಂತೆ. ಇವರು ಚೀಲದಿಂದ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಮೆಲ್ಲಗೆ ಅಗಿಯುವುದು. "ಇದು ವನದುರ್ಗ ಕಡೀದು, ಎರಿ ಹೊಲದ್ದು, ಕರೀ ಮಣ್ಣಿಂದು, ತಗೋರಿ. ಇದು ಕಾಲುವಿ ನೀರು ಕುಡದದ್ದು, ರೊಟ್ಟಿ ಬಡದ್ರ ಅಂಚು ಒಡಿತದ. ಇದು ಹಳೇದು, ಮ್ಯಾಲ ಹೊಸಾದು ಉಗ್ಗ್ಯಾರ, ವಾಪಸ್ ಕಳಸ್ರಿ." ಅವರು ಹೇಳಿದ್ದು ತಪ್ಪಿದ್ದನ್ನು ಯಾರೂ ನೋಡಿರಲಿಲ್ಲ.

ನನ್ನ ತವರು ಕೊಂಕಲ್. ನನ್ನನ್ನು ನೋಡಲು ಬಂದಾಗ ಬೇರೆಯವರೆಲ್ಲ ಏನೇನೋ ಕೇಳಿದರು. ಇವರು ಒಂದೂ ಕೇಳಲಿಲ್ಲ. ಊಟಕ್ಕೆ ಕುಳಿತು ಎರಡು ರೊಟ್ಟಿ ಮುಗಿಸಿ, ಕೈ ತೊಳೆದುಕೊಂಡು, ನಮ್ಮ ಅವ್ವನಿಗೆ ಹೇಳಿದರು: "ಹುಡುಗೀ ಕೈ ಚಲೋ ಅದ ಬೀಗತಿ. ಜ್ವಾಳ ಮಾತ್ರ ಹೋದ ವರ್ಷದ್ದು ಹಾಕೀರಿ." ಅವ್ವ ನಾಚಿ ನಕ್ಕಳು. ಮಾತು ಖರೆಯಾಗಿತ್ತು.

ಅಂಥ ಮನುಷ್ಯರ ಮನೆಗೆ ನಾನು ಸೊಸೆಯಾಗಿ ಬಂದೆ.

ಸಂಸಾರ ತೂಗಿಸುವುದರಲ್ಲಿ ನನಗೆ ಒಂದು ಹೆಸರಿತ್ತು. ಅದನ್ನು ನಾನಾಗಿ ಬೆಳೆಸಿಕೊಂಡಿದ್ದೆ. ಮೈಗೆ ಹಚ್ಚುವ ಸಾಬೂನನ್ನು ತಂದ ದಿನವೇ ದಾರದಿಂದ ನಾಲ್ಕು ಭಾಗ ಮಾಡಿ, ಕಿಟಕಿಯ ಮೇಲೆ ಗಾಳಿಗೆ ಒಣಗಿಸಿ ಒಂದೊಂದೇ ಕೊಡುತ್ತಿದ್ದೆ. ಒಣಗಿದ ಸಾಬೂನು ಬೇಗ ಕರಗುವುದಿಲ್ಲ. ಉಳಿದ ಚೂರುಗಳನ್ನೆಲ್ಲ ಹಳೆಯ ಕಾಲುಚೀಲದಲ್ಲಿ ಹಾಕಿ ಗಂಟು ಕಟ್ಟಿ ಮಕ್ಕಳ ಶಾಲೆಯ ಬಟ್ಟೆಯ ಕಾಲರ್ ತಿಕ್ಕುತ್ತಿದ್ದೆ. ಸೋಪಿನ ಪುಡಿಗೆ ಬಾಟಲಿಯ ಮುಚ್ಚಳದ ಅಳತೆ. ಪಾತ್ರೆಗೆ ಬೂದಿ, ಹಿಂಡಿ ತೆಗೆದ ಹುಣಸೆಹಣ್ಣಿನ ಸಿಪ್ಪೆ. ಬೂದಿಯನ್ನು ಮಾವನೇ ತರುತ್ತಿದ್ದರು, ಬಸ್‌ಸ್ಟ್ಯಾಂಡ್ ಹತ್ತಿರದ ಚಹಾದ ಹೋಟೆಲಿನ ಒಲೆಯಿಂದ, ಡಬ್ಬಿಯಲ್ಲಿ ತುಂಬಿಕೊಂಡು. ತಾವೇ ಜರಡಿ ಹಿಡಿದು ಕೊಡುತ್ತಿದ್ದರು. ತರಕಾರಿ ತರಲು ಸಂತೆ ಮುರಿಯುವ ಹೊತ್ತಿಗೆ ಹೋಗುತ್ತಿದ್ದೆ. ನೆಲ ಒರೆಸುವ ಫಿನಾಯಿಲ್‌ಗೆ ನೀರು ಬೆರೆಸಿ ಬೆರೆಸಿ, ಕೊನೆಗೆ ಅದಕ್ಕೆ ವಾಸನೆ ಮಾತ್ರ ಉಳಿದಿರುತ್ತಿತ್ತು.

ಮಾವ ಇದನ್ನೆಲ್ಲ ಮೆಚ್ಚಿಕೊಳ್ಳುತ್ತಿದ್ದರು. ಕಟ್ಟೆಯ ಮೇಲೆ ಕುಳಿತು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದರು.

"ನಮ್ಮ ಸೊಸಿ ಒಂದು ಸಾಬೂನ ಐದು ಮಂದಿಗಿ ತಿಂಗಳತನಾ ಬರಸ್ತಾಳ್ರಿ."

ಎದುರು ಮನೆಯ ಮುದುಕಿ ಬಿಡುವವಳಲ್ಲ. "ನೀರೂ ಅಳದು ಕುಡಸ್ತಾಳೇನೋ ಮತ್ತ ನಿನಗ?"

"ಕುಡಸ್ಲಿ ತಗೋ. ನನ್ನ ನೀರಡಿಕಿ ನಿನ್ನ ಬಾಯಿಯಷ್ಟ ದೊಡ್ಡದಿಲ್ಲ ಬಿಡು."

ಮುದುಕಿ ಬೈಯುತ್ತ ನಗುತ್ತಿದ್ದಳು. ಒಳಗೆ ಪಾತ್ರೆ ತಿಕ್ಕುತ್ತಿದ್ದ ನನಗೆ ಎದೆ ಉಬ್ಬುತ್ತಿತ್ತು. ನಮ್ಮ ಮಹಿಳಾ ಸಂಘದ ಸಭೆಯಲ್ಲಿ ಒಮ್ಮೆ ನನ್ನನ್ನೇ ಎಬ್ಬಿಸಿ ನಿಲ್ಲಿಸಿ, ಮನೆ ಖರ್ಚು ಹೇಗೆ ಕಡಿಮೆ ಮಾಡುತ್ತೀ ಎಂದು ಎಲ್ಲರಿಗೂ ಹೇಳಿಸಿದರು. ಸಾಬೂನು, ಬೂದಿ, ಸಂತೆ ಎಲ್ಲ ಹೇಳಿದೆ. ಚಪ್ಪಾಳೆ ತಟ್ಟಿದರು. ಹಿಟ್ಟಿನ ಮಾತು ಹೇಳಲಿಲ್ಲ. ಅದು ಆಗಲೇ ಶುರುವಾಗಿತ್ತು.

ನಮ್ಮ ಕಡೆ ಎರಡು ಹೊತ್ತೂ ಜೋಳದ ರೊಟ್ಟಿ ಬೇಕು. ಅನ್ನ ಉಂಡರೆ ಉಂಡಂತೆ ಅನ್ನಿಸುವುದಿಲ್ಲ. ರೇಷನ್ ಅಕ್ಕಿ ಬರುತ್ತದೆ, ಡಬ್ಬಿಯಲ್ಲಿ ಕೂತಿರುತ್ತದೆ, ಹುಳ ಹಿಡಿಯುತ್ತದೆ. ಜೋಳವನ್ನು ಮಾತ್ರ ಕೊಂಡೇ ತರಬೇಕು. ಆ ವರ್ಷ ಬಿಳಿಜೋಳದ ಬೆಲೆ ಏರಿತು. ಎಲ್ಲ ಕಡೆ ಖರ್ಚು ಕತ್ತರಿಸಿ ಆಗಿತ್ತು, ಉಳಿದದ್ದು ಜೋಳ ಒಂದೇ.

ರೊಟ್ಟಿ ಬೆಳ್ಳಗೆ ಬರಲಿ ಎಂದು ಜೋಳಕ್ಕೆ ಒಂದು ಹಿಡಿ ಅಕ್ಕಿ ಹಾಕಿ ಬೀಸಿಸುವ ರೂಢಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ನಮ್ಮ ಅವ್ವನೂ ಹಾಕುತ್ತಿದ್ದಳು. ನಾನು ಒಂದು ಹಿಡಿಯನ್ನು ಎರಡು ಮಾಡಿದೆ. ಏನೂ ಆಗಲಿಲ್ಲ. ಮುಂದಿನ ಸಲ ಒಂದು ಬಟ್ಟಲು. ಆಮೇಲೆ ಕಾಲು ಭಾಗ. ಹತ್ತಿ ಮಿಲ್ಲು ಬಂದ್ ಆದ ಮೇಲೆ ಸರಿ ಅರ್ಧ. ಎಸರು ಚೆನ್ನಾಗಿ ಕುದಿಸಿ ಹಾಕಿ ನಾದಿದರೆ ರೊಟ್ಟಿ ಬಡಿಯಲು ಬರುತ್ತದೆ. ನೋಡಲೂ ಬೆಳ್ಳಗೆ ಚೆಂದ. ಆರಿದ ಮೇಲೆ ಸೆಟೆದುಕೊಳ್ಳುತ್ತದೆ, ಮತ್ತೆ ಅದರಲ್ಲಿ ಜೋಳದ ಸಿಹಿ ಇರುವುದಿಲ್ಲ.

ಗಿರಣಿಯವನು ಮೊದಲು ಗುರುತಿಸಿದ.

"ಯಕ್ಕಾ, ಇದು ಜ್ವಾಳದಾಗ ಅಕ್ಕಿನೋ, ಅಕ್ಕ್ಯಾಗ ಜ್ವಾಳನೋ?"

ಸಾಲಿನಲ್ಲಿ ನಿಂತಿದ್ದ ಇಬ್ಬರು ಹೆಂಗಸರು ಡಬ್ಬಿಯೊಳಗೆ ಇಣುಕಿದರು. "ಹಬ್ಬಕ್ಕ ಬೇರೆ ಏನೋ ಮಾಡಾಕ, ನೀ ಬೀಸು ಸುಮ್ನ," ಅಂದೆ. ಅಂದಿನಿಂದ ಗಿರಣಿಗೆ ಯಾರೂ ಇರದ ಹೊತ್ತು ನೋಡಿ ಹೋಗತೊಡಗಿದೆ. ಆಗಲೇ ತಿಳಿಯಬೇಕಿತ್ತು ನನಗೆ. ಸಾಬೂನು ಕತ್ತರಿಸುವಾಗ ನಾನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ.

ನಮ್ಮ ಮನೆಯವರು ಸಾರಿನಲ್ಲಿ ಮುರಿದು ಹಾಕಿ ಉಂಡರು, ಏನೂ ಕೇಳಲಿಲ್ಲ. ಮಕ್ಕಳು ಶಾಲೆಯಿಂದ ಹಸಿದು ಬರುತ್ತಾರೆ, ಕೊಟ್ಟದ್ದು ಉಣ್ಣುತ್ತಾರೆ. ಮಾವ ಮಾತ್ರ ಅರ್ಧ ಅಕ್ಕಿಯ ಮೊದಲ ತುತ್ತಿಗೇ ತಡೆದರು. ಅಗಿದರು, ನಿಲ್ಲಿಸಿದರು. ನೀರು ಕುಡಿದು ಇನ್ನೊಂದು ತುತ್ತು ಮುರಿದುಕೊಂಡರು.

"ಯವ್ವಾ, ಈ ಜ್ವಾಳ ಎಲ್ಲೀದು?"

"ಪ್ಯಾಟ್ಯಾಗಿಂದು ಮಾವಾರ. ಹೊಸಾದು."

"ಹೊಸಾದಾ?"

"ಹೌದ್ರಿ."

ಅವರು ನನ್ನ ಮುಖವನ್ನು ನೋಡಲಿಲ್ಲ. ನೋಡಿದ್ದರೆ ತಿಳಿಯುತ್ತಿತ್ತೋ ಏನೋ. ಕೈಯಲ್ಲಿದ್ದ ರೊಟ್ಟಿಯನ್ನೇ ತಿರುಗಿಸಿ ನೋಡುತ್ತ ಕುಳಿತರು. ಮರುದಿನ ಬೆಳಿಗ್ಗೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

"ಒಂದು ಹಿಡಿ ಕಾಳು ಕೊಡು ನೋಡೂನು."

ಜೋಳದ ಡಬ್ಬಿ ನನ್ನ ಬೆನ್ನ ಹಿಂದೆಯೇ ಇತ್ತು. ಅದರಲ್ಲಿ ಬೀಸಿಸದೆ ಇಟ್ಟ ಜೋಳ ಅರ್ಧ ಡಬ್ಬಿ ಇತ್ತು. "ಎಲ್ಲಾ ಬೀಸಿಸಿ ಬಿಟ್ಟೀನ್ರಿ ಮಾವಾರ," ಅಂದೆ. ಅವರು ತಲೆಯಾಡಿಸಿ ಹೋದರು. ಸೊಸೆ ಸುಳ್ಳು ಹೇಳಿರಬಹುದು ಎಂದು ಆ ಮನುಷ್ಯನ ಮನಸ್ಸಿಗೆ ಬರಲಿಲ್ಲ. ತಮ್ಮ ಬಾಯಿಯೇ ಸುಳ್ಳು ಹೇಳುತ್ತಿದೆ ಎಂದುಕೊಂಡರು.

ಹದಿನೈದು ದಿನದಲ್ಲಿ ಅದು ಅವರಿಗೆ ಖಾತ್ರಿಯಾಯಿತು. ಸುರಪುರದಲ್ಲಿರುವ ಮಗಳಿಗೆ, ನನ್ನ ನಾದಿನಿಗೆ, ಫೋನಿನಲ್ಲಿ ಹೇಳುತ್ತಿದ್ದುದು ನನಗೆ ಕೇಳಿಸುತ್ತಿತ್ತು. "ನನ್ನ ಬಾಯಿ ಹೋಗ್ಯದ ಮಗಳ. ರೊಟ್ಟಿ ಬಾಯಾಗ ಇಟ್ಟರ ಮಣ್ಣ ಇಟ್ಟಂಗ ಆಗ್ತದ." ಕಟ್ಟೆಯ ಮೇಲೆ ಕೂತು ಜೋಳದ ಮಾತು ಆಡುವುದನ್ನು ಬಿಟ್ಟರು. ಎದುರು ಮನೆಯ ಮುದುಕಿ ಕೆಣಕಿದರೂ ಉತ್ತರ ಕೊಡಲಿಲ್ಲ. ಊಟಕ್ಕೆ ಕುಳಿತು ಒಂದು ರೊಟ್ಟಿಗೇ ಸಾಕು ಅನ್ನತೊಡಗಿದರು. ಹೇಳಲು ನಾಚಿಕೆಯಾಗುತ್ತದೆ, ಅವರು ಒಂದು ರೊಟ್ಟಿ ಕಡಿಮೆ ಉಂಡ ಮೊದಲ ವಾರ ಹಿಟ್ಟು ಉಳಿಯಿತಲ್ಲ ಎಂದು ನನಗೆ ಅನ್ನಿಸಿತ್ತು.

ಯಾದಗಿರಿಯಲ್ಲಿ ಅವರಿಗೆ ಪರಿಚಯದ ಒಬ್ಬ ಡಾಕ್ಟರು ಇದ್ದರು. ಬೇರೆಯವರ ಹತ್ತಿರ ಬರುವುದಿಲ್ಲ ಅಂದರು ಮಾವ. ಅವತ್ತು ನಮ್ಮ ಮನೆಯವರಿಗೆ ಅಪರೂಪಕ್ಕೆ ಕೆಲಸ ಸಿಕ್ಕಿತ್ತು, ಹಾಗಾಗಿ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಡಾಕ್ಟರು ನಾಲಿಗೆ ಹೊರಗೆ ಹಾಕಿಸಿ ಟಾರ್ಚು ಬಿಟ್ಟು ನೋಡಿದರು.

"ಎಷ್ಟ ದಿನಾ ಆತು ರುಚಿ ಹೋಗಿ?"

"ಎರಡು ತಿಂಗಳಾತ್ರಿ ಸಾಹೇಬ್ರ."

"ಎಲ್ಲಾದರ ರುಚೀನೂ ಹೋಗ್ಯದೇನು? ಉಪ್ಪು, ಖಾರ?"

ಮಾವ ಯೋಚಿಸಿದರು. "ಉಪ್ಪು ಗೊತ್ತಾಗ್ತದ್ರಿ. ಖಾರಾನೂ ಗೊತ್ತಾಗ್ತದ. ಜ್ವಾಳ ಅಷ್ಟ ಗೊತ್ತಾಗೂದಿಲ್ಲ."

ಡಾಕ್ಟರು ನಕ್ಕು ನನ್ನ ಕಡೆ ತಿರುಗಿದರು. "ಮನ್ಯಾಗ ಅಡಿಗಿ ಏನಾರ ಬದಲಾಗ್ಯದೇನಮ್ಮ?"

ಅವರು ಕೇಳಿದ್ದು ನನ್ನನ್ನೇ. ನೇರವಾಗಿ. "ಇಲ್ರೀ," ಅಂದೆ.

ವಯಸ್ಸಾದವರಿಗೆ ಹೀಗಾಗುವುದುಂಟು ಎಂದು ಒಂದು ಟಾನಿಕ್ ಬರೆದುಕೊಟ್ಟರು. ಔಷಧಿ ಅಂಗಡಿಯಲ್ಲಿ ಅದರ ಬೆಲೆ ಕೇಳಿ ನಾನು ಹೌಹಾರಿದೆ. ಅಷ್ಟು ಹಣಕ್ಕೆ ಮಾವನಿಗೊಬ್ಬರಿಗೆ ತಿಂಗಳಿಡೀ ಆಗುವಷ್ಟು ಶುದ್ಧ ಜೋಳ ಬರುತ್ತಿತ್ತು. ಆ ಲೆಕ್ಕ ನನಗೆ ಅಲ್ಲೇ, ಅಂಗಡಿಯ ಮುಂದೆಯೇ ಹೊಳೆಯಿತು. ಹೊಳೆದೂ ಬಾಟಲಿ ಕೊಂಡೆ.

ಬಸ್‌ಸ್ಟ್ಯಾಂಡಿಗೆ ಹೋಗುವಾಗ ಮಾವ ಗಂಜಿನ ಮುಂದಿನ ದಾರಿ ಹಿಡಿದರು. ಕಾಲು ತಾನಾಗಿ ಆ ಕಡೆ ತಿರುಗಿತೋ ಏನೋ. ಗೇಟಿನ ಹತ್ತಿರ ಒಬ್ಬ ಅಡತಿಯವರು ಗುರುತು ಹಿಡಿದು ಕೂಗಿದರು.

"ಏ ಮುತ್ಯಾ! ಏನಪಾ, ಮಗನ ಮನ್ಯಾಗ ಕೂತು ದಪ್ಪ ಆಗೀದಿ ಅನ್ಕೊಂಡಿದ್ನಿ, ಕಡ್ಡಿ ಆಗಿಯಲ್ಲೋ. ಬಾ ಇಲ್ಲಿ, ಇದನ್ನ ಜರಾ ನೋಡಿ ಹೇಳು. ಈ ಮಂದಿ ಎರಿ ಹೊಲದ್ದಂತ ಆಣಿ ಮಾಡ್ಲಾಕತ್ಯಾರ."

ಅವರ ಅಂಗೈಯಲ್ಲಿ ಜೋಳವಿತ್ತು. ದುಂಡಗೆ, ಮುತ್ತಿನಂಥ ಕಾಳು. ಸುತ್ತ ಮೂರು ನಾಲ್ಕು ಮಂದಿ ಹಮಾಲರು ಚೀಲದ ಮೇಲೆ ಕುಳಿತವರು ಎದ್ದು ಬಂದರು. ಮಾವ, "ಬಾಯಿ ಹೋಗ್ಯದ್ರಿ ಸಾವಕಾರ್ರ, ದವಾಖಾನಿಗಿ ಬಂದಿದ್ನಿ," ಅಂದರು.

"ನಿನ್ನ ಬಾಯಿ ಹೋದ್ರ ಗಂಜಿನ ಬಾಗಲಾ ಮುಚ್ಚಬೇಕಾಗ್ತದ. ಹಾಕ್ಕೋ, ಹಾಕ್ಕೋ."

ಮಾವನ ಕೈ ಮುಂದೆ ಹೋಯಿತು. ಅರ್ಧ ದಾರಿ ಹೋಯಿತು. ಹೆದರಿಕೆ ಮತ್ತು ಆಸೆ ಎರಡೂ ಆ ಮುಖದಲ್ಲಿ ಇದ್ದವು. ಆ ನಾಲ್ಕು ಕಾಳು ಬಾಯಿಗೆ ಬಿದ್ದಿದ್ದರೆ ಅವರಿಗೆ ಆ ಕ್ಷಣದಲ್ಲೇ ಎಲ್ಲ ತಿಳಿದುಹೋಗುತ್ತಿತ್ತು. ಬಾಯಿ ಸರಿಯಾಗಿದೆ ಎಂಬುದೂ, ಸೊಸೆ ಎಂಥವಳು ಎಂಬುದೂ.

ನಾನು ಅವರ ಮೊಣಕೈ ಹಿಡಿದೆ. "ಮಾವಾರ, ಬಸ್ಸು ಹೋಗ್ತದ ನಡೀರಿ," ಅಂದೆ.

ಬಸ್ಸು ಅರ್ಧ ಗಂಟೆಗೊಂದು ಇತ್ತು. ಅವರ ಕೈ ಹಿಂದೆ ಬಂತು. "ಹೌದ್ರಿ, ಬಸ್ಸಿಗಿ ಹೊತ್ತಾಗ್ಯದ," ಎಂದು ಅವರೂ ಅಂದರು, ಯಾರೋ ಬಿಡಿಸಿದಂತೆ. ನಾಲ್ಕು ಮಂದಿಯ ಮುಂದೆ ತಪ್ಪು ಹೇಳಿ ನಲವತ್ತು ವರ್ಷದ ಹೆಸರು ಕಳೆದುಕೊಳ್ಳುವುದು ತಪ್ಪಿತು ಎಂದು ಅವರಿಗೆ ಅನ್ನಿಸಿರಬೇಕು. ಬಸ್ಸಿನಲ್ಲಿ ಹೇಳಿದರು, "ಚಲೋ ಟೈಮಿಗಿ ಕರದಿ ಯವ್ವಾ. ಮರ್ಯಾದಿ ಉಳಸ್ದಿ."

ಊರಿಗೆ ಬಂದ ಮರುದಿನ ನನಗೆ ತಡೆಯಲಾಗಲಿಲ್ಲ. ಒಳ್ಳೆಯ ಬಿಳಿಜೋಳ ಸ್ವಲ್ಪ ಕೊಂಡು, ಒಂದು ಕಾಳು ಅಕ್ಕಿ ಹಾಕದೆ ಬೀಸಿಸಿದೆ. ಬಿಸಿ ರೊಟ್ಟಿ, ಪುಂಡಿಸೊಪ್ಪಿನ ಪಲ್ಯ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿ ಕೊಟ್ಟೆ. ಮಾವ ಮೊದಲ ತುತ್ತು ಅಗಿದರು. ಅಗಿಯುತ್ತಲೇ ಇದ್ದರು. ಕಣ್ಣು ಮುಚ್ಚಿದರು.

"ಯವ್ವಾ."

"ಏನ್ರಿ?"

"ಬಾಯಿ ಬಂತು ನೋಡು."

ಮೂರು ರೊಟ್ಟಿ ಉಂಡರು. ಉಂಡು ಎದ್ದು ಟಾನಿಕ್ ಬಾಟಲಿಯನ್ನು ಕೈಯಲ್ಲಿ ಹಿಡಿದು ದೇವರಿಗೆ ಮಾಡುವ ಹಾಗೆ ಹಣೆಗೆ ಒತ್ತಿಕೊಂಡರು. ಒಂದೇ ದಿನ ಎರಡು ಚಮಚ ಕುಡಿದಿದ್ದರು ಅಷ್ಟೇ. ಕಟ್ಟೆಗೆ ಹೋಗಿ ಎದುರು ಮನೆಯ ಮುದುಕಿಯನ್ನು ಕೂಗಿ ಕರೆದು ಹೇಳಿದರು. ಮಗಳಿಗೆ ಫೋನು ಮಾಡಿಸಿ ಹೇಳಿದರು. ಸಂಜೆ ಮಗ ಬಂದ ಕೂಡಲೇ ಹೇಳಿದರು. "ಎಂಥಾ ದವಾ ಕೊಟ್ಟಾನೋ ಡಾಕ್ಟರ! ಈ ಜ್ವಾಳ ವನದುರ್ಗದ್ದು, ಬರೆದಿಟ್ಟಕೋ." ನಮ್ಮ ಮನೆಯವರು ಎಷ್ಟೋ ದಿನದ ಮೇಲೆ ನಕ್ಕರು.

ಅವತ್ತೇ ಹೇಳಿಬಿಡಬಹುದಿತ್ತು. ಎಲ್ಲರೂ ನಗುತ್ತಿದ್ದರು, ನಗುವಿನಲ್ಲೇ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಆ ಹಿಟ್ಟು ನಾಲ್ಕು ದಿನಕ್ಕೆ ಮುಗಿಯಿತು. ಮತ್ತೆ ಶುದ್ಧ ಜೋಳ ತರಲು ಕೈಯಲ್ಲಿ ದುಡ್ಡು ಇರಲಿಲ್ಲ, ಟಾನಿಕ್ ಅದನ್ನು ತಿಂದಿತ್ತು. ಮಾವನಿಗೆ ಮಾತ್ರ ಬೇರೆ ಹಿಟ್ಟು ಮಾಡಬಹುದಿತ್ತು, ಆದರೆ ಮುತ್ಯಾನ ರೊಟ್ಟಿ ಯಾಕೆ ಬೇರೆ ಎಂದು ಮಕ್ಕಳು ಕೇಳುತ್ತಿದ್ದರು, ಅದರಿಂದ ಮಾತು ಹೊರಗೆ ಬೀಳುತ್ತಿತ್ತು. ಐದನೇ ದಿನ ಮತ್ತೆ ಅರ್ಧ ಅಕ್ಕಿಯ ರೊಟ್ಟಿ ಬಡಿದೆ.

ಅವರು ಒಂದು ತುತ್ತು ಉಂಡು ತಟ್ಟೆಯನ್ನು ನಿಧಾನ ಸರಿಸಿದರು. "ಮತ್ತ ಹೋತು," ಅಂದರು. ಆಮೇಲೆ ಕೇಳಲೋ ಬೇಡವೋ ಅನ್ನುವ ಧ್ವನಿಯಲ್ಲಿ, "ಇನ್ನೂ ಎರಡು ಚಮಚ ಹೆಚ್ಚಿಗಿ ಕುಡದ್ರ ಹ್ಯಾಂಗ?" ಎಂದು ಕೇಳಿದರು.

ಬಾಟಲಿ ಬೇಗ ಮುಗಿಯಿತು. ಸಾಬೂನನ್ನು ದಾರದಿಂದ ಕತ್ತರಿಸುವ ನಾನು, ಎರಡನೇ ಬಾಟಲಿಯನ್ನು ಚೌಕಾಶಿ ಮಾಡದೆ ಕೊಂಡು ತಂದೆ. ಒಂದು ಮಾತು ಆಡುವುದಕ್ಕಿಂತ ಅದು ನನಗೆ ಸುಲಭವಾಗಿ ಕಂಡಿತು.

ಆ ಬಾಟಲಿ ಅರ್ಧ ಇರುವಾಗ ಮಾವ ಹೋದರು. ಮಧ್ಯಾಹ್ನ ಕಟ್ಟೆಯ ಮೇಲೆ ಕೂತಿದ್ದವರು ಗೋಡೆಗೆ ಒರಗಿದರು, ಏಳಲಿಲ್ಲ. ಎದುರು ಮನೆಯ ಮುದುಕಿಯೇ ಮೊದಲು ಕೂಗಿದ್ದು. ಹೃದಯ ನಿಂತಿತು ಅಂದರು. ಹಿಟ್ಟಿನಿಂದ ಅವರು ಸಾಯಲಿಲ್ಲ, ಅದು ನನಗೂ ಗೊತ್ತು. ಅದರಿಂದ ನನಗೆ ಸಮಾಧಾನವೇನೂ ಆಗುವುದಿಲ್ಲ.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರು ಬುತ್ತಿ ತರುತ್ತಾರೆ. ಸುರಪುರದಿಂದ ನಾದಿನಿ ದೊಡ್ಡ ಬಟ್ಟೆಯ ಗಂಟಿನಲ್ಲಿ ರೊಟ್ಟಿ ಕಟ್ಟಿಸಿಕೊಂಡು ಬಂದಿದ್ದಳು. ಮಣ್ಣು ಕೊಟ್ಟು ಬಂದ ಮೇಲೆ ಅವಳೇ ನನ್ನ ಕೈಗೆ ಒಂದು ರೊಟ್ಟಿ ಇಟ್ಟು, "ಉಣ್ಣು ಅತ್ತಿಗಿ, ಮುಂಜಾನಿಂದ ಏನೂ ತಿಂದಿಲ್ಲ ನೀ," ಅಂದಳು. ತಣ್ಣಗಾಗಿದ್ದರೂ ಮೆತ್ತಗಿತ್ತು. ಅಗಿದಂತೆ ಸಿಹಿ ಬಿಟ್ಟಿತು. ಬರೀ ಜೋಳ. ಉಳಿದದ್ದನ್ನು ಗಂಟಿಗೆ ವಾಪಸ್ ಇಟ್ಟೆ. ದುಃಖಕ್ಕೆ ಉಣ್ಣಲಾಗುತ್ತಿಲ್ಲ ಪಾಪ ಎಂದು ಅವಳು ನನ್ನ ಬೆನ್ನು ಸವರಿದಳು.

ಹನ್ನೊಂದನೇ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುವುದು. ಮಾವನ ಫೋಟೋದ ಮುಂದೆ ಬಾಳೆ ಎಲೆ ಹಾಸಿ ರೊಟ್ಟಿ, ಪುಂಡಿಪಲ್ಯ, ಹಿಂಡಿ, ಒಂದು ಕಪ್ಪು ಚಹಾ, ಬೀಡಿಯ ಕಟ್ಟು ಇಟ್ಟೆವು. ಅವತ್ತು ಹಿಟ್ಟು ಶುದ್ಧ ಜೋಳದ್ದು, ನಾನೇ ಗಿರಣಿಯಲ್ಲಿ ನಿಂತು ಬೀಸಿಸಿದ್ದೆ. ಎಲ್ಲ ಆಯಿತು ಅನ್ನುವಾಗ ನಮ್ಮ ಮನೆಯವರು ಒಳಗೆ ಹೋಗಿ ಆ ಟಾನಿಕ್ ಬಾಟಲಿಯನ್ನು ತಂದರು. ಅರ್ಧ ತುಂಬಿದ್ದ ಬಾಟಲಿ. ಅದನ್ನು ಒರೆಸಿ ರೊಟ್ಟಿಯ ಪಕ್ಕದಲ್ಲಿ ಇಟ್ಟರು.

"ಇದೂ ಇರ್ಲಿ. ಅಪ್ಪಗ ಇದರಿಂದ ನಾಕು ದಿನ ಆದ್ರೂ ಬಾಯಿ ಬಂದಿತ್ತು," ಅಂದರು.

ಅಲ್ಲಿ ಇದ್ದವರು ಅವರು, ನಾದಿನಿ, ಅವಳ ಗಂಡ, ನನ್ನ ಮಕ್ಕಳು. ಆರತಿಯ ತಟ್ಟೆ ನನ್ನ ಕೈಯಲ್ಲಿತ್ತು. ಅದನ್ನು ಕೆಳಗಿಟ್ಟು, ಎಲೆಯ ಮೇಲಿನ ಬಾಟಲಿ ತೆಗೆದೆ.

"ಇದರಿಂದ ಬಂದಿಲ್ರಿ," ಅಂದೆ. "ಮಾವಾರ ಬಾಯಿ ಹೋಗೇ ಇರ್ಲಿಲ್ಲ. ನಾ ಹಿಟ್ಟಿನ್ಯಾಗ ಅರ್ಧಾ ಅಕ್ಕಿ ಹಾಕ್ತಿದ್ನಿ. ಆ ನಾಕು ದಿನ ಹಾಕಿರ್ಲಿಲ್ಲ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಗಿರಣಿ, ಸುಳ್ಳು, ಡಾಕ್ಟರು ಕೇಳಿದ್ದು, ಗಂಜಿನ ಗೇಟಿನಲ್ಲಿ ಕೈ ಹಿಡಿದದ್ದು, ಎಲ್ಲ ಹೇಳಿದೆ. ನಡುವೆ ಎಲ್ಲೋ, "ಜ್ವಾಳ ಭಾಳ ತುಟ್ಟಿ ಆಗಿತ್ತು, ಮಿಲ್ಲು ಬಂದ್ ಇತ್ತು," ಎಂದೂ ಅಂದೆ. ಆ ಮಾತು ನನ್ನ ಕಿವಿಗೇ ಸಣ್ಣದಾಗಿ ಕೇಳಿಸಿತು.

ನಾದಿನಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಜ್ವಾಳ ಇಲ್ಲ ಮಾವಾ, ಇವತ್ತ ಅಕ್ಕಿ ಕೂಡಿಸೀನಿ ಅಂತ ಒಂದು ಮಾತು ಅಂದಿದ್ರ ಏನಾಗ್ತಿತ್ತು ಅತ್ತಿಗಿ?" ಅಂದಳು. "ನಮ್ಮಪ್ಪ ಹಮಾಲಿ ಇದ್ದ, ರಾಜಾ ಇರ್ಲಿಲ್ಲ. ಗಂಜ್ ಬಂದ್ ಇದ್ದಾಗ ನುಚ್ಚು ಕುದಿಸಿ ಕುಡದು ನಮ್ಮನ್ನ ಸಾಕ್ಯಾನ. ನೀ ಹೇಳಿದ್ರ ಬರೇ ಅಕ್ಕಿ ರೊಟ್ಟಿನೂ ತಿಂದು ಚಲೋ ಅದ ಅಂತಿದ್ದ. ನಿನ್ನ ಮ್ಯಾಲ ಅಷ್ಟ ಜೀವ ಇತ್ತು ಅವನ್ದು."

ಅವಳು ಹೇಳಿದ್ದು ನಿಜ. ಅಕ್ಕಿ ಹಾಕಿದ್ದು ಬಡತನಕ್ಕೆ. ಬಚ್ಚಿಟ್ಟದ್ದು ಬಡತನಕ್ಕಲ್ಲ. ಎಷ್ಟೇ ಕಡಿಮೆಯಿದ್ದರೂ ಈ ಮನೆಯಲ್ಲಿ ಯಾರಿಗೂ ಕೊರತೆ ಕಾಣದ ಹಾಗೆ ತೂಗಿಸುತ್ತಾಳೆ ಎಂದು ಕಟ್ಟೆಯ ಮೇಲೆ ಕೂತು ಅವರು ಹೇಳುತ್ತಿದ್ದ ಆ ಮಾತು ನನಗೆ ಬೇಕಾಗಿತ್ತು. ಅದನ್ನು ಉಳಿಸಿಕೊಳ್ಳಲು ಅವರ ಬಾಯಿಯನ್ನೇ ಕಿತ್ತುಕೊಂಡೆ.

ನಮ್ಮ ಮನೆಯವರು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ಹಿತ್ತಲಿಗೆ ಹೋದರು. ಟಾನಿಕ್ಕನ್ನು ಬಚ್ಚಲಿಗೆ ಸುರಿದು, ಬಾಟಲಿಯನ್ನು ಎರಡು ಸಲ ತೊಳೆದು, ನಾನು ಖಾಲಿ ಬಾಟಲಿಗಳನ್ನು ಕೂಡಿಸಿಡುವ ಹಲಗೆಯ ಮೇಲೆ ಬೋರಲು ಹಾಕಿ ಬಂದರು. ಬಂದು ಎಡೆಯ ಮುಂದೆ ಕುಳಿತು ಊದಿನಕಡ್ಡಿ ಹಚ್ಚಿದರು. ಮೂರು ದಿನ ತಾವೇ ಬಡಿಸಿಕೊಂಡು ಉಂಡರು. ನಾಲ್ಕನೇ ದಿನ ಊಟಕ್ಕೆ ಕುಳಿತಾಗ, ತಟ್ಟೆ ನೋಡುತ್ತ, "ಇದರಾಗ ಎಷ್ಟ ಅದ?" ಎಂದು ಕೇಳಿದರು.

"ಕಾಲು ಭಾಗ," ಅಂದೆ.

"ಹೂಂ," ಅಂದು ಉಂಡರು.

ಆ ಬಾಟಲಿ ಇನ್ನೂ ಹಲಗೆಯ ಮೇಲಿದೆ. ಬೇರೆ ಬಾಟಲಿಗಳಿಗೆ ಎಣ್ಣೆ, ಫಿನಾಯಿಲ್ ಏನಾದರೂ ತುಂಬುತ್ತೇನೆ. ಅದಕ್ಕೆ ಏನೂ ತುಂಬಲು ಮನಸ್ಸು ಬಂದಿಲ್ಲ, ಎಸೆಯಲೂ ಆಗಿಲ್ಲ.

ಜೋಳದ ಬೆಲೆ ಇಳಿದಿಲ್ಲ. ಮಿಲ್ಲಿನ ಕೆಲಸ ಮೊದಲಿನ ಹಾಗೆಯೇ ಇದೆ. ಸಾಬೂನನ್ನು ಈಗಲೂ ದಾರದಿಂದ ಕತ್ತರಿಸುತ್ತೇನೆ. ಬೂದಿ ತರಲು ನಾನೇ ಹೋಟೆಲಿಗೆ ಹೋಗುತ್ತೇನೆ. ಅಕ್ಕಿಯನ್ನೂ ಹಾಕುತ್ತೇನೆ, ಹಾಕದೆ ಆಗುವುದಿಲ್ಲ. ಆದರೆ ಗಿರಣಿಗೆ ಎಲ್ಲರೂ ಇರುವ ಹೊತ್ತಿಗೇ ಹೋಗುತ್ತೇನೆ. ಗಿರಣಿಯವನು ಕೇಳುವ ಮೊದಲೇ "ಅರ್ಧಾ ಅಕ್ಕಿ ಅದ," ಅನ್ನುತ್ತೇನೆ. ಅವನು ಡಬ್ಬಿ ಸುರಿದುಕೊಳ್ಳುತ್ತಾನೆ. ಸಾಲಿನಲ್ಲಿ ಇದ್ದವರಲ್ಲಿ ಕೆಲವರು ನನ್ನನ್ನು ನೋಡುತ್ತಾರೆ, ಕೆಲವರು ತಮ್ಮ ಡಬ್ಬಿಯ ಮುಚ್ಚಳ ಮುಚ್ಚಿಕೊಳ್ಳುತ್ತಾರೆ.

ಮನೆಯಲ್ಲಿ ಬಡಿಸುವಾಗಲೂ ಹೇಳುತ್ತೇನೆ. "ಇವತ್ತ ಅರ್ಧಾ ಅಕ್ಕಿ ಅದ ನೋಡ್ರಿ." ದೊಡ್ಡವಳು ರೊಟ್ಟಿ ಮುರಿಯುತ್ತಾಳೆ, ಸಣ್ಣವಳು ಹಿಂಡಿ ಕೇಳುತ್ತಾಳೆ, ನಮ್ಮ ಮನೆಯವರು ಸಾರಿಗೆ ಕೈ ಚಾಚುತ್ತಾರೆ. ಹೇಳಿದರೆ ಆಗುವುದು ಇಷ್ಟೇ.